ಕಿರುಮಕ್ಕಳ ಜಾಣ್ಮೆಯೂ ಉಪಾಧ್ಯಾಯರ ಕೆಲಸವೂ: ಕಲಬುರಗಿ, ಕಮಲಾಪುರಗಳ ಕಡೆಯ ಒಂದು ವಿಚಾರ

ಕನ್ನಡನಾಡಿನ ಜನರು ವಿಶೇಷವಾದ ಓದಿಲ್ಲದೆಯೂ ಕಾವ್ಯದ ಬಳಕೆಯಲ್ಲಿ ಪಳಗಿದವರೆಂದು ಕವಿರಾಜಮಾರ್ಗವು ಹೇಳಿರುವುದನ್ನು ವಿದ್ವಾಂಸರೂ ಭಾಷಣಕಾರರೂ ಎಡೆಬಿಡದೆ ಉದಾಹರಿಸುತ್ತ ಬಂದಿದ್ದಾರೆ. ಅದರ ಬೆನ್ನಿಗೇ ಬರುವ ಪದ್ಯಕ್ಕೆ ಅಷ್ಟು ಮನ್ನಣೆ ದೊರೆತಿಲ್ಲ. ಕಲಿತವರು ಮಾತ್ರವಲ್ಲದೆ ಉಳಿದವರೂ ತಮ್ಮ ತಮ್ಮ ಮಾತಿನಲ್ಲಿ ಜಾಣರೇ ಸರಿ. ಸಣ್ಣ ಮಕ್ಕಳಿಗೂ ಮೂಗರಿಗೂ ಸಹ ತಮ್ಮ ವಿವೇಕವನ್ನು ತಿಳಿಯಪಡಿಸುವ ಬಗೆ ಗೊತ್ತುಂಟು ಎಂಬುದು ಅದರ ತಾತ್ಪರ್ಯ. ಈ ಗ್ರಂಥವು ಒಂಬತ್ತನೆಯ ಶತಮಾನದಲ್ಲಿ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದುದು; ಆ ರಾಜಧಾನಿಯಾದ ಮಾನ್ಯಖೇಟವೇ ಇಂದಿನ ಕಲಬುರಗಿ ಜಿಲ್ಲೆಯ ಸೇಡಂ ತಾಲ್ಲೂಕಿನ ಮಳಖೇಡ. ಮಗುವಿನ ಜಾಣ್ಮೆಯು ಅದರ ಸ್ವಂತ ಮಾತಿನಲ್ಲಿರುವುದೆಂದು ಸಾವಿರ ವರ್ಷಗಳ ಹಿಂದೆಯೇ ಒಪ್ಪಿಕೊಂಡ ಸೀಮೆಯಲ್ಲಿ, ಆ ಜಾಣ್ಮೆಯನ್ನು ಶಾಲೆಯೊಳಕ್ಕೆ ಬರಮಾಡಿಕೊಳ್ಳುವ ಉಪಾಧ್ಯಾಯರ ಕೆಲಸವು ಎಂತಹುದೆಂಬುದು ವಿಚಾರಾರ್ಹವಾಗಿದೆ.

ಕಲೆಯನ್ನು ಪಾಠದೊಡನೆ ಕೂಡಿಸಿ, ಮಗುವನ್ನೇ ನಡುವೆ ಇಟ್ಟುಕೊಂಡು ನಡೆಯತಕ್ಕ ಸ್ವತಂತ್ರ ಶಾಲೆಗಳ ಕಲ್ಪನೆ ಹೊಸದಲ್ಲ. ರವೀಂದ್ರನಾಥ ಠಾಕೂರರು 1901ರಲ್ಲಿ ಶಾಂತಿನಿಕೇತನದಲ್ಲಿಯೂ, ಗಿಜುಭಾಯಿ ಬಧೇಕಾ ಅವರು 1920ರಲ್ಲಿ ಭಾವನಗರದಲ್ಲಿಯೂ ಇದನ್ನು ನಡೆಸಿ ತೋರಿಸಿದರು. ಕನ್ನಡದಲ್ಲಿ ಶಿವರಾಮ ಕಾರಂತರ ಪುತ್ತೂರಿನ ಬಾಲವನದ ಪ್ರಯೋಗವು ಎಲ್ಲರಿಗೂ ತಿಳಿದಿರುವುದೇ. ಸರ್ಕಾರಿ ಶಾಲೆಗಳಲ್ಲಿ 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಮೊದಲಾದ ನಲಿ-ಕಲಿ ಪದ್ಧತಿಯೂ ಇದೇ ಬಳ್ಳಿಯ ಕಾಯಿ. ಮಕ್ಕಳ ಶಿಕ್ಷಣದ ಹಕ್ಕಿನ 2009ರ ಕಾಯಿದೆಯಂತೂ ಕಲಿಕೆಯು ಚಟುವಟಿಕೆ ಅನ್ವೇಷಣೆಗಳ ಮೂಲಕ, ಸಾಧ್ಯವಾದ ಮಟ್ಟಿಗೆ ಮಾತೃಭಾಷೆಯಲ್ಲಿ ನಡೆಯತಕ್ಕದ್ದೆಂದು ವಿಧಿಸಿದೆ. ತತ್ತ್ವದ ವಿಷಯದಲ್ಲಿ ವಿವಾದವೇ ಉಳಿದಿಲ್ಲವೆನ್ನಬಹುದು. ಉಳಿದಿರುವುದು ಕೆಲಸ.

ಈ ಕೆಲಸವು ಕಲಬುರಗಿಯಲ್ಲಿ ಪುತ್ತೂರಿನಲ್ಲಿದ್ದಂತೆ ಇರಲಾರದು. ಇಲ್ಲಿಯ ಮಗುವಿಗೆ ಶಾಲೆಯ ಮಾತು ಮನೆಯ ಮಾತಾಗಿದ್ದ ಕಾಲವು ಬಹು ಸ್ವಲ್ಪ. ಹೈದರಾಬಾದು ಸಂಸ್ಥಾನದಲ್ಲಿ ಮೊದಲು ಪಾರಸಿಯೂ ಅನಂತರ ಉರ್ದುವೂ ಆಡಳಿತ ಭಾಷೆಯಾಗಿದ್ದುವು. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನಭಾಷೆಯೂ ಉರ್ದುವೇ ಆದುದರಿಂದ ಮೇಲ್ತರಗತಿಗಳ ದಾರಿಯೆಲ್ಲ ಅದರದಾಯಿತು. 1948ರ ಸೆಪ್ಟೆಂಬರಿನಲ್ಲಿ ಸಂಸ್ಥಾನವು ಭಾರತದಲ್ಲಿ ಸೇರಿ, 1956ರಲ್ಲಿ ಈ ಭಾಗವು ಮೈಸೂರು ರಾಜ್ಯಕ್ಕೆ ಬಂದ ಮೇಲೆ ಶಾಲೆಗೆ ಕನ್ನಡ ಬಂದಿತು. ಆದರೆ ಬಂದುದು ಗ್ರಾಂಥಿಕ ಕನ್ನಡ. ಮನೆಯಲ್ಲಿ 'ಸಾಲಿ' ಎಂದಿದ್ದುದು ಪುಸ್ತಕದಲ್ಲಿ 'ಶಾಲೆ'ಯಾಯಿತು. 'ಓಡ್ಲತ್ತಾವ' ಎಂದಿದ್ದುದು 'ಓಡುತ್ತಿವೆ' ಆಯಿತು. ನಗರದ ಮುಸಲ್ಮಾನರ ಮಕ್ಕಳಿಗೆ ದಖನಿಯೂ, ಕಮಲಾಪುರದ ಸುತ್ತಣ ತಾಂಡಾಗಳ ಮಕ್ಕಳಿಗೆ ಲಂಬಾಣಿಯೂ ಮನೆಮಾತುಗಳು. ಖಾಸಗಿ ಪ್ರಾಥಮಿಕ ಶಾಲೆಗಳ ಮೇಲೆ ಮಾತೃಭಾಷಾ ಮಾಧ್ಯಮವನ್ನು ಹೇರಲಾಗದೆಂದು 2014ರಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತ ಮೇಲೆ ಸ್ವತಂತ್ರ ಶಾಲೆಗಳಲ್ಲಿ ಇಂಗ್ಲಿಷಿನ ದಾರಿಯೂ ನಿರಾತಂಕವಾಯಿತು. ಒಟ್ಟಿನಲ್ಲಿ ಬಾಗಿಲೊಳಗೆ ಕಾಲಿಟ್ಟೊಡನೆ ತನ್ನ ಮಾತು ತಪ್ಪೆಂದು ತಿಳಿದ ಮಗುವು ಮಾಡತಕ್ಕದ್ದು ಒಂದೇ: ಸುಮ್ಮನಿರುವುದು. ಈ ಮೌನವನ್ನು ಮಂದಬುದ್ಧಿಯೆಂದು ಎಣಿಸಿದ ಉಪಾಧ್ಯಾಯರು ಎಷ್ಟೋ ಮಂದಿ.

ಇಲ್ಲಿಯೇ ಚಿತ್ರ, ಹಾಡು, ಆಟಗಳ ಪ್ರಯೋಜನ ಕಾಣಬರುತ್ತದೆ. ಎಳ್ಳ ಅಮಾವಾಸ್ಯೆಯನ್ನು ನಿದರ್ಶನವಾಗಿ ತೆಗೆದುಕೊಳ್ಳಬಹುದು. ಅಂದು ಕಮಲಾಪುರದ ಕಡೆಯಲ್ಲಿ ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ, ಐದು ಕಲ್ಲುಗಳನ್ನು ಪಾಂಡವರೆಂದು ಪೂಜಿಸಿ, ಬೆಳೆಯ ನಡುವೆ ಚರಗ ಚೆಲ್ಲಿ, ಭಜ್ಜಿ, ಸಜ್ಜೆಯ ರೊಟ್ಟಿ, ಅಂಬಲಿಗಳನ್ನು ಉಣ್ಣುವರು. ಮರುದಿನ ಹಬ್ಬದ ಮೇಲೆ ಹತ್ತು ವಾಕ್ಯ ಬರೆಯಿರೆಂದರೆ ತರಗತಿಯೆಲ್ಲ ಒಂದೇ ಬಗೆಯ ಹತ್ತು ವಾಕ್ಯಗಳನ್ನು ಒಪ್ಪಿಸುವುದು. ಹೊಲವನ್ನು ಬರೆದು ತೋರಿಸಿರೆಂದರೆ ಹಾಗಲ್ಲ. ಒಂದು ಮಗುವಿನ ಹಾಳೆಯಲ್ಲಿ ಎತ್ತು ಮುತ್ಯಾನಿಗಿಂತ ದೊಡ್ಡದಾಗಿರುವುದು; ಇನ್ನೊಂದರಲ್ಲಿ ಗಡಿಗೆಯ ಮೈಯನ್ನು ಹಾದು ಒಳಗಿನ ಅಂಬಲಿ ಕಾಣುವುದು. ಸಣ್ಣ ಮಕ್ಕಳು ಕಣ್ಣಿಗೆ ಕಂಡುದಕ್ಕಿಂತ ಮನಸ್ಸಿಗೆ ತಿಳಿದುದನ್ನೇ ಬರೆಯುವರಾದುದರಿಂದ ಇದನ್ನು ತಪ್ಪೆಂದು ಅಳಿಸತಕ್ಕದ್ದಲ್ಲ. 'ಇದೇನು?' ಎಂದು ಕೇಳಿ ಸುಮ್ಮನಾಗುವುದೇ ಉಪಾಧ್ಯಾಯರ ಆ ಹೊತ್ತಿನ ವಿದ್ಯೆ. ಆಗ ಮಗುವು ಹೇಳತೊಡಗುವುದು.

ಹೇಳಿದುದನ್ನು ಹೇಳಿದಂತೆಯೇ ಚಿತ್ರದ ಕೆಳಗೆ ಬರೆಯಬೇಕು: 'ನಾವು ಹೊಲಕ್ಕ ಹೋಗಿದ್ದಿವಿ. ಮುತ್ಯಾ ಚರಗ ಚೆಲ್ಲಿದ. ಎತ್ತು ಓಡ್ಲತ್ತಾವ.' ಇದೇ ಆ ಮಗುವಿನ ಮೊದಲ ಓದುವ ಪುಸ್ತಕ. ತಾನಾಡಿದ ಮಾತೇ ಅಕ್ಷರವಾಗಿರುವುದರಿಂದ ಅದನ್ನು ಓದಲು ಮಗುವಿಗೆ ಭಯವಿಲ್ಲ. ನ್ಯೂಜಿಲೆಂಡಿನಲ್ಲಿ ಸಿಲ್ವಿಯಾ ಆಷ್ಟನ್-ವಾರ್ನರ್ ಎಂಬ ಉಪಾಧ್ಯಾಯಿನಿ ಮಾವೊರಿ ಮಕ್ಕಳಿಗೆ ಓದು ಕಲಿಸಿದುದು ಇದನ್ನು ಹೋಲುವ ಮಾರ್ಗದಿಂದಲೇ. ಆಕೆಯ ಗ್ರಂಥವು 1963ರಲ್ಲಿ ಪ್ರಕಟವಾಯಿತು. ಕೆಲವು ದಿನಗಳಾದ ಮೇಲೆ ಅದೇ ವಾಕ್ಯಗಳ ಪಕ್ಕದಲ್ಲಿ 'ಹೊಲಕ್ಕೆ ಹೋಗಿದ್ದೆವು', 'ಚೆಲ್ಲಿದನು', 'ಎತ್ತುಗಳು ಓಡುತ್ತಿವೆ' ಎಂದು ಬರೆದು, ಯಾವುದು ಬದಲಾಯಿತೆಂದು ಹುಡುಕಹೇಳಬೇಕು. ಚತುರ್ಥಿಯ ಪ್ರತ್ಯಯ, ಉತ್ತಮಪುರುಷದ ಬಹುವಚನ, ವರ್ತಮಾನದ ರೂಪ ಇವುಗಳನ್ನು ಮಕ್ಕಳು ಹೆಸರು ತಿಳಿಯದೆಯೇ ಕಂಡುಕೊಳ್ಳುವರು. 'ಮುತ್ಯಾ' ಎಂಬುದನ್ನು ಮಾತ್ರ 'ಅಜ್ಜ' ಎಂದು ತಿದ್ದದಿರುವುದು ಲೇಸು. ಪ್ರತ್ಯಯ ಬೇರೆ, ಮನೆಯ ಹಿರಿಯನ ಹೆಸರು ಬೇರೆ. ಲಂಬಾಣಿ ಮಗುವಿನ ಮಾತನ್ನೂ ಕನ್ನಡದ ಲಿಪಿಯಲ್ಲಿಯೇ ಬರೆದು ಪಕ್ಕಕ್ಕಿಟ್ಟರೆ ಹೋಲಿಕೆಯು ಮೂರಾಗುವುದು. 'ಬಂಡಿ' ದಖನಿಯಲ್ಲಿಯೂ ಬಂಡಿಯೇ ಎಂದು ತಿಳಿದಾಗ ಇಬ್ಬರು ಮಕ್ಕಳಿಗೂ ಆಗುವ ಸಂತೋಷ ಸಾಮಾನ್ಯವಲ್ಲ.

ಪಾಠವನ್ನು ಹಾಡಿಗೆ ಹೊಂದಿಸುವುದು ಈ ನಗರಕ್ಕೆ ಹೊರಗಿನಿಂದ ಬಂದ ರೂಢಿಯೂ ಅಲ್ಲ. ಬಂದೇನವಾಜರು 1422ರಲ್ಲಿ ತೀರಿಕೊಂಡುದು ಇಲ್ಲಿಯೇ. ದಖನಿನ ಸೂಫಿಗಳ ಪರಂಪರೆಯಲ್ಲಿ ಚಕ್ಕೀನಾಮಾ ಎಂಬ, ಹೆಂಗಸರು ಬೀಸುಕಲ್ಲಿನ ಮುಂದೆ ಹಾಡುವ ಪದ್ಯಜಾತಿಯೊಂದುಂಟು. ತತ್ತ್ವವನ್ನು ಕೈಗೆಲಸದ ಲಯಕ್ಕೆ ಕಟ್ಟಿದುದು ಅದರ ವಿಶೇಷ. ಕನ್ನಡದ ಬೀಸುವ ಪದಗಳನ್ನು ಇದರೊಡನೆ ಇಟ್ಟು ನೋಡಿದರೆ ಒಂದೇ ಕಲ್ಲಿನ ಎರಡು ನಾದಗಳಂತೆ ಕೇಳುವುವು. ಬೀಸುಕಲ್ಲು ಮನೆಗಳಿಂದ ಮರೆಯಾಗುತ್ತ ಬಂದಿದ್ದರೂ ಅಜ್ಜಿಯರ ಬಾಯಲ್ಲಿ ಪದಗಳು ಉಳಿದಿರುವ ಮಟ್ಟಿಗೆ ಅವರನ್ನು ತರಗತಿಗೆ ಕರೆಯಿಸುವುದು ಉಪಾಧ್ಯಾಯರ ಕೆಲಸದಲ್ಲಿಯೇ ಸೇರಿದುದು.

ಇಷ್ಟಾದರೂ ಕಲೆಯೆಂದರೆ ವರ್ಷದ ಕೊನೆಯ ಗ್ಯಾದರಿಂಗಿನ ಕುಣಿತವೆಂದೇ ಬಹುಮಂದಿಯ ಗ್ರಹಿಕೆ. ಒಂದು ತಿಂಗಳು ಪಾಠ ನಿಲ್ಲಿಸಿ ಚಲಚ್ಚಿತ್ರದ ಹಾಡಿಗೆ ಹೆಜ್ಜೆ ಹಾಕಿಸುವುದರಿಂದ ಮಗುವಿನ ಒಂದು ಮಾತೂ ಹೊರಬೀಳುವುದಿಲ್ಲ. ಚಿತ್ರದ ಗಂಟೆಯೂ ಹಲವೆಡೆ ಹಲಗೆಯ ಮೇಲಿನ ಮಾವಿನಹಣ್ಣನ್ನು ನಕಲು ಮಾಡುವ ಗಂಟೆಯಾಗಿದೆ. ಕಮಲಾಪುರದಲ್ಲಿ ಇದು ಸ್ವಲ್ಪ ವಿನೋದದ ಸಂಗತಿಯೇ ಸರಿ. ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಕೆಂಬಾಳೆಯು ಊರ ತೋಟದಲ್ಲಿರುವಾಗ ಮಕ್ಕಳ ಹಾಳೆಯಲ್ಲಿ ಬಾಳೆಹಣ್ಣು ಪುಸ್ತಕದ ಹಳದಿಯಲ್ಲಿಯೇ ಇರುವುದುಂಟು. ಎಸ್. ಎಂ. ಪಂಡಿತರಂತಹ ಚಿತ್ರಕಾರರು 1916ರಲ್ಲಿ ಹುಟ್ಟಿ, ಶಂಕರರಾವ ಆಳಂದಕರರಲ್ಲಿ ಮೊದಲ ಪಾಠ ಕಲಿತ ನಗರ ಕಲಬುರಗಿ. ಅಲ್ಲಿ ಕಲಾವಿದರಿಗೆ ಬಡತನವಿಲ್ಲ. ಕಲೆಯನ್ನೂ ಭಾಷೆಯನ್ನೂ ಒಟ್ಟಿಗೆ ಹಿಡಿಯಬಲ್ಲ ಉಪಾಧ್ಯಾಯರಿಗೆ ಬಡತನ. ತರಬೇತಿಯಲ್ಲಿ ಒಮ್ಮೆಯೂ ಜೇಡಿಮಣ್ಣು ಮುಟ್ಟದವರನ್ನು ಮಣ್ಣಿನಿಂದ ಎಣಿಕೆ ಕಲಿಸಿರೆಂದರೆ ಅವರಾದರೂ ಏನು ಮಾಡಿಯಾರು?

ತಾಯಿತಂದೆಗಳ ಕಳವಳವನ್ನು ಹಗುರವಾಗಿ ಕಾಣುವುದು ನ್ಯಾಯವಲ್ಲ. 2025ರ ಎಸ್. ಎಸ್. ಎಲ್. ಸಿ. ಪರೀಕ್ಷೆಯಲ್ಲಿ ಈ ಜಿಲ್ಲೆಯಲ್ಲಿ ತೇರ್ಗಡೆಯಾದವರು ನೂರಕ್ಕೆ ಸುಮಾರು 42 ಮಂದಿ. ರಾಜ್ಯದಲ್ಲಿ ಅದು ಕಡೆಯ ಸ್ಥಾನ. ಹೀಗಿರುವಲ್ಲಿ ಶುಲ್ಕ ತೆತ್ತು ಮಗುವನ್ನು ಕಳುಹಿಸಿದವರು, ಬಣ್ಣ ಬಳಿಯುವುದರಿಂದ ಏನಾಯಿತೆಂದು ಕೇಳದಿರುವರೆ? ಉಪಾಧ್ಯಾಯರು ಇದಕ್ಕೆ ತತ್ತ್ವದಿಂದ ಉತ್ತರ ಕೊಟ್ಟರೆ ಸಾಲದು. ಕವಿರಾಜಮಾರ್ಗಕಾರನು ದೇಸಿಯ ಭೇದಗಳು ಎಣಿಸಿದರೆ ವಾಸುಕಿಗೂ ಬೇಸರ ಬರುವಷ್ಟಿವೆಯೆಂದು ಒಪ್ಪಿಯೂ ಮಾರ್ಗವನ್ನು ಕಲಿಸುವುದಕ್ಕೆಂದೇ ಗ್ರಂಥವನ್ನು ಬರೆದನಷ್ಟೆ. ಮಗುವಿನ ಮಾತನ್ನು ಹೊಗಳಿ ಅಲ್ಲಿಯೇ ಬಿಟ್ಟುಬಿಡುವ ಶಾಲೆಯೂ, ಆ ಮಾತನ್ನು ಬಾಯಿ ಬಿಡಿಸದ ಶಾಲೆಯೂ ಕೊನೆಗೆ ಆ ಮಗುವನ್ನು ಪರೀಕ್ಷೆಯ ಪುಸ್ತಕದ ಮುಂದೆ ಒಂಟಿಯಾಗಿ ನಿಲ್ಲಿಸುವುವು. ಜೂನಿನ ಹಾಳೆಯನ್ನೂ ಫೆಬ್ರವರಿಯ ಹಾಳೆಯನ್ನೂ ಜೊತೆಯಲ್ಲಿಟ್ಟು ತೋರಿಸಿದರೆ, ಒಂದರಲ್ಲಿ ಮೂರು ಮಾತು, ಇನ್ನೊಂದರಲ್ಲಿ ಮಗುವೇ ಕೈಯಾರೆ ಬರೆದ ಒಂದು ಪುಟವಿದ್ದರೆ, ಓದು ಬಾರದ ತಾಯಿಗೂ ಅದು ತಿಳಿಯುವುದು.

ಇದಕ್ಕೆಲ್ಲ ಬೇಕಾದುದು ಹೊತ್ತು. ಒಬ್ಬ ಉಪಾಧ್ಯಾಯರಿಗೆ 30 ಮಕ್ಕಳೆಂದು ಪ್ರಾಥಮಿಕ ಶಾಲೆಗಳಿಗೆ ಕಾಯಿದೆಯು ಅಳತೆಯನ್ನು ಕೊಟ್ಟಿದೆ. ದಿನಕ್ಕೆ ಆರು ಮಕ್ಕಳ ಮಾತನ್ನು ಬರೆದುಕೊಂಡರೆ ಐದು ದಿನಗಳಲ್ಲಿ ಒಂದು ಸುತ್ತು ಮುಗಿಯುವುದು. ಅದಕ್ಕಿಂತ ಹೆಚ್ಚನ್ನು ನಿರೀಕ್ಷಿಸುವುದು ಕಷ್ಟ. ಆದರೆ ಹೀಗೆ ಕೆಲವು ವರ್ಷ ಕೂಡಿಟ್ಟ ಕಡತವು ತರಗತಿಗೆ ಮಾತ್ರವಲ್ಲದೆ ಭಾಷಾಶಾಸ್ತ್ರಜ್ಞರಿಗೂ ಬೇಕಾದ ಸಾಮಗ್ರಿ. ಪ್ರತಿಯೊಂದು ಹಾಳೆಯ ಹಿಂದೆ ತಾರೀಖು, ಮಗುವಿನ ವಯಸ್ಸು, ಊರು, ಮನೆಮಾತು ಇಷ್ಟನ್ನು ಬರೆದಿಟ್ಟರೆ ಸಾಕು, ಹೆಸರು ಬೇಕಾಗಿಲ್ಲ.