ಸವೆದ ಕಲ್ಲು, ಮಸಿ ಹಿಡಿದ ಮಡಕೆ

ರಾಮನಗರದ ಬಳಿ, ಬೆಂಗಳೂರು–ಮೈಸೂರು ಹಳೆಯ ಹೆದ್ದಾರಿಯ ಬದಿಯಲ್ಲಿರುವ ಜಾನಪದ ಲೋಕವು ಸುಮಾರು 15 ಎಕರೆಯಲ್ಲಿ ಹರಡಿರುವ ವಸ್ತುಸಂಗ್ರಹಾಲಯ. ಎರಡು ಮೂರು ತಲೆಮಾರಿನ ಹಿಂದೆ ಹಳ್ಳಿಯ ಮನೆ, ಹಟ್ಟಿ, ಹೊಲಗಳಲ್ಲಿ ನಿತ್ಯವೂ ಬಳಕೆಯಲ್ಲಿದ್ದ ವಸ್ತುಗಳು ಇಲ್ಲಿವೆ. ಇದನ್ನು ಕಟ್ಟಿದವರು ನಾಗಮಂಗಲ ತಾಲ್ಲೂಕಿನ ಎಚ್.ಎಲ್. ನಾಗೇಗೌಡರು (1915–2005). ಐ.ಎ.ಎಸ್. ಅಧಿಕಾರಿಯಾಗಿದ್ದ ಅವರು ಹಳ್ಳಿಗರ ಹಾಡು, ಕಥೆಗಳನ್ನು ಸಂಗ್ರಹಿಸುತ್ತಲೇ ಬಂದವರು. 1979ರಲ್ಲಿ ಅವರು ಆರಂಭಿಸಿದ ಸಂಸ್ಥೆಯೇ ಇಂದಿನ ಕರ್ನಾಟಕ ಜಾನಪದ ಪರಿಷತ್ತು. ಜಾನಪದ ಲೋಕ ಉದ್ಘಾಟನೆಯಾದದ್ದು 1994ರಲ್ಲಿ.

ಈ ವಸ್ತುಗಳ ಸಂಗ್ರಹ ನಡೆದ ಕಾಲ ಮುಖ್ಯವಾದುದು. ಊರೂರಿಗೆ ಹಿಟ್ಟಿನ ಗಿರಣಿ ಬಂದಿತ್ತು. ಮಡಕೆಯ ಜಾಗಕ್ಕೆ ಸ್ಟೀಲು, ಪ್ಲಾಸ್ಟಿಕ್ ಬರುತ್ತಿದ್ದವು. ಮುರಿದ ಮರದ ಸಾಮಾನು ಒಲೆ ಸೇರಿತು, ಹಿತ್ತಾಳೆ ಗುಜರಿಗೆ ಹೋಯಿತು, ಕಲ್ಲು ಹಿತ್ತಲಲ್ಲಿ ಬಿತ್ತು. ಎಲ್ಲರ ಮನೆಯಲ್ಲೂ ಇದ್ದ ವಸ್ತುವನ್ನು ಜೋಪಾನ ಮಾಡಬೇಕೆಂದು ಯಾರಿಗೂ ಅನಿಸುವುದಿಲ್ಲ. ಹಾಗಾಗಿ ಅಪರೂಪದ ಒಡವೆಗಿಂತ ಬೇಗ ಕಣ್ಮರೆಯಾಗುವುದು ಅದೇ.

ಇಲ್ಲಿನ ಲೋಕಮಾತಾ ಮಂದಿರ ಹೆಂಗಸರ ದುಡಿಮೆಯ ಲೋಕ. ಒರಳು, ಒನಕೆ, ಮೊರ, ಮಡಕೆಗಳ ನಡುವೆ ಹೆಚ್ಚು ಹೊತ್ತು ನಿಂತು ನೋಡಬೇಕಾದದ್ದು ಬೀಸುಕಲ್ಲು. ಕೆಳಗಲ್ಲಿನ ನಡುವೆ ಒಂದು ಗೂಟ. ಮೇಲುಗಲ್ಲಿಗೆ ಕಾಳು ಸುರಿಯಲು ಬಾಯಿ, ತಿರುಗಿಸಲು ಮರದ ಹಿಡಿ. ಕಲ್ಲು ಸವೆದು ನುಣುಪಾದರೆ ರಾಗಿ ಹಿಟ್ಟಾಗದು. ಆಗ ಕಲ್ಲುಕುಟಿಗರನ್ನು ಕರೆಸಿ ಉಳಿಯಿಂದ ಮತ್ತೆ ತರಿ ಮಾಡಿಸುತ್ತಿದ್ದರು. ಬೆಳಗಿನ ಜಾವ ಇಬ್ಬರು ಎದುರುಬದುರಾಗಿ ಕೂತು ಬೀಸುವಾಗ ಹಾಡಿದ್ದೇ ಬೀಸುವ ಪದ. ಕಲ್ಲು ಸುತ್ತುವ ಗತಿಯೇ ಹಾಡಿನ ಗತಿ. ಗಿರಣಿ ಬಂದು ತೋಳಿನ ನೋವು ತಪ್ಪಿತು, ಅದು ದೊಡ್ಡ ಬಿಡುಗಡೆ. ಆದರೆ ಕಲ್ಲು ನಿಂತ ಮೇಲೆ ಹಾಡಿಗೂ ನೆಲೆ ತಪ್ಪಿತು.

ಕಾಳು ತುಂಬುತ್ತಿದ್ದ ಮಣ್ಣಿನ ವಾಡೆ, ಗುಡಾಣಗಳನ್ನು ಸಂಗ್ರಹಾಲಯಕ್ಕೆ ಹೊತ್ತು ತರಬಹುದು. ನೆಲದೊಳಗೆ ತೋಡುತ್ತಿದ್ದ ಹಗೇವನ್ನು ತರಲಾಗದು. ಕಿರಿದಾದ ಬಾಯಿ, ಅಗಲವಾದ ಹೊಟ್ಟೆಯ ಈ ಕಣಜದಲ್ಲಿ ರಾಗಿ ವರ್ಷಗಟ್ಟಲೆ ಕೆಡದೆ ಉಳಿಯುತ್ತಿತ್ತು. ಮುಚ್ಚಿದ ಗುಂಡಿಯಲ್ಲಿ ಆಮ್ಲಜನಕ ಕಡಿಮೆಯಾಗಿ ಇಂಗಾಲದ ಡೈಆಕ್ಸೈಡ್ ಹೆಚ್ಚುವುದರಿಂದ ಹುಳು ಬದುಕುತ್ತಿರಲಿಲ್ಲ. ಅದೇ ಗಾಳಿ ಮನುಷ್ಯನಿಗೂ ಅಪಾಯ. ಆದ್ದರಿಂದ ಬಾಯಿ ತೆರೆದು ಸಾಕಷ್ಟು ಹೊತ್ತು ಬಿಟ್ಟು, ದೀಪ ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಒಳಗೆ ಇಳಿಯುವುದು ರೂಢಿ.

ಅಳತೆಯ ಪಾತ್ರೆಗಳಿಗೆ ತಮ್ಮದೇ ಲೆಕ್ಕವಿತ್ತು. ನಾಲ್ಕು ಚಟಾಕಿಗೆ ಒಂದು ಪಾವು, ನಾಲ್ಕು ಪಾವಿಗೆ ಒಂದು ಸೇರು. ಇಪ್ಪತ್ತು ಕೊಳಗಕ್ಕೆ ಒಂದು ಖಂಡುಗ. ಕೊಳಗದ ಗಾತ್ರ ಮಾತ್ರ ಸೀಮೆಯಿಂದ ಸೀಮೆಗೆ ಬೇರೆ. 1956ರ ತೂಕ-ಅಳತೆ ಕಾಯ್ದೆಯ ನಂತರ ಮೆಟ್ರಿಕ್ ಪದ್ಧತಿ ಹಂತಹಂತವಾಗಿ ಜಾರಿಗೆ ಬಂದು ಕಿಲೋ, ಲೀಟರುಗಳು ಅಂಗಡಿಗೆ ಬಂದವು. ಅಕ್ಕಿಯ ಡಬ್ಬದಲ್ಲಿ ಪಾವು ಇಂದಿಗೂ ಉಳಿದಿರುವ ಮನೆಗಳಿವೆ.

ಬೇಸಾಯದ ಸಾಮಾನುಗಳಲ್ಲಿ ನೇಗಿಲು, ಕುಂಟೆಗಳನ್ನು ಬಹಳ ಜನ ಗುರುತಿಸುತ್ತಾರೆ. ಕೂರಿಗೆಯ ಜಾಣ್ಮೆ ತಿಳಿಯಲು ಬಗ್ಗಿ ನೋಡಬೇಕು. ಮೇಲೊಂದು ಮರದ ಬಟ್ಟಲು, ಅದರ ತೂತುಗಳಿಂದ ಕೆಳಗಿನ ತಾಳುಗಳವರೆಗೆ ಬಿದಿರಿನ ಕೊಳವೆಗಳು. ಎತ್ತು ಎಳೆದಂತೆ ಬಟ್ಟಲಿಗೆ ಹಿಡಿಹಿಡಿಯಾಗಿ ಬಿಟ್ಟ ಬೀಜ ಏಕಕಾಲಕ್ಕೆ ಹಲವು ಸಾಲಿನಲ್ಲಿ ಬೀಳುತ್ತದೆ. ಬೀಜ ಸಮನಾಗಿ ಬೀಳುವುದು ಪೂರ್ತಿ ಕೈಯ ಹದವನ್ನೇ ನಂಬಿತ್ತು. ಸಾಲು ನೇರವಾದ್ದರಿಂದ ಮುಂದೆ ಕುಂಟೆ ಹೊಡೆದು ಕಳೆ ತೆಗೆಯುವುದೂ ಸುಲಭ.

ಕೊನೆಗೆ ನೋಡಬೇಕಾದದ್ದು ಬಯಲಿನಲ್ಲಿರುವ ಆಯಗಾರಮಾಳ. ಕಮ್ಮಾರ, ಬಡಗಿ, ಕುಂಬಾರ, ಅಗಸ, ಕ್ಷೌರಿಕ ಮುಂತಾದ ಕಸುಬುದಾರರೇ ಆಯಗಾರರು. ಒಳಗೆ ಕಂಡ ಎಷ್ಟೋ ಸಾಮಾನುಗಳ ಹುಟ್ಟು, ದುರಸ್ತಿ ಎರಡೂ ಇಂಥವರ ಕೈಯಲ್ಲೇ ಆಗುತ್ತಿದ್ದವು. ನೇಗಿಲಿನ ಗುಳ ಹರಿತ ಮಾಡಿಕೊಟ್ಟ ಕಮ್ಮಾರನಿಗೆ ರೈತ ಅಂದಂದೇ ಹಣ ಕೊಡುತ್ತಿರಲಿಲ್ಲ. ವರ್ಷವಿಡೀ ಮಾಡಿದ ಕೆಲಸಕ್ಕೆ ಸುಗ್ಗಿಯಲ್ಲಿ, ಕಣದಲ್ಲೇ, ಅವನ ಪಾಲಿನ ಆಯವನ್ನು ಕೊಳಗದಿಂದ ಅಳೆದು ಹಾಕುತ್ತಿದ್ದರು.