ಬಿಡಿಸಿದ ಒಗಟು

ಉಡಿಗಾಲವಿರುವ ಚಾಮರಾಜನಗರ–ಗುಂಡ್ಲುಪೇಟೆಗಳ ಸೀಮೆಗೆ ಅರಿಸಿನ ಹೆಸರಾದ ಬೆಳೆ. ಮಗುವಿನ ಮೊಣಕಾಲು ತರಚಿದರೆ ಇಲ್ಲಿನ ತಾಯಿ ಯಾರನ್ನೂ ಕೇಳದೆ ಅರಿಸಿನ ಮೆತ್ತುತ್ತಾಳೆ. ಅದೇ ಅರಿಸಿನದಿಂದ ಗಾಯ ಮಾಯಿಸುವ ಕ್ರಮಕ್ಕೆ 1995ರಲ್ಲಿ ಅಮೆರಿಕೆಯ ಮಿಸಿಸಿಪಿ ವಿಶ್ವವಿದ್ಯಾನಿಲಯದ ವೈದ್ಯಕೀಯ ಕೇಂದ್ರಕ್ಕೆ ಪೇಟೆಂಟು ದೊರೆಯಿತು! ನಮ್ಮ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿಯು ಇದನ್ನು ಆಕ್ಷೇಪಿಸಿತು. ಹೊರದೇಶದ ರೂಢಿಯೊಂದೇ ಅಂದಿನ ಅಮೆರಿಕದ ಕಾಯಿದೆಗೆ ಸಾಲದು. ಬರಹದ ಆಧಾರ ಬೇಕು. ಹಳೆಯ ಗ್ರಂಥಗಳನ್ನೂ 1953ರ ವೈದ್ಯಪತ್ರಿಕೆಯ ಲೇಖನವೊಂದನ್ನೂ ಮುಂದಿಟ್ಟ ಮೇಲೆ, 1997ರಲ್ಲಿ ಆ ಹಕ್ಕು ಬಿದ್ದುಹೋಯಿತು.

ಇದು ಹಳೆಯದನ್ನು ಹಳೆಯದೆಂದು ತೋರಿಸಿದ ಕಥೆ. ಇದಕ್ಕಿಂತ ಕಠಿನವಾದ ಪ್ರಶ್ನೆ ಇನ್ನೊಂದಿದೆ. ವಸ್ತು ಹೊಸದೇನೋ ಹೌದು. ಆದರೆ ಆ ಕಸಬು ಬಲ್ಲವನಿಗೆ ಅದು ಥಟ್ಟನೆ ಹೊಳೆಯುವಂಥದೆ? ಹೊಳೆಯುವಂಥದಾದರೆ ಪೇಟೆಂಟು ಸಲ್ಲದು.

ಲೇತಿನ ಮೇಲೆ ಪಾತ್ರೆಗಳನ್ನು ಭದ್ರವಾಗಿ ಹಿಡಿದು ತಿರುಗಿಸುವ ಸಾಧನವೊಂದರ ವ್ಯಾಜ್ಯ ಅಲಹಾಬಾದಿನ ಉಚ್ಚ ನ್ಯಾಯಾಲಯಕ್ಕೆ ಬಂದಿತ್ತು. ಮೊದಲ ನ್ಯಾಯಾಧೀಶರು ಪೇಟೆಂಟನ್ನು ತೆಗೆದುಹಾಕಿದರು. ಮೇಲಿನ ಪೀಠ ಅದನ್ನು ಎತ್ತಿಹಿಡಿಯಿತು. 1978ರಲ್ಲಿ ಸರ್ವೋಚ್ಚ ನ್ಯಾಯಾಲಯ ಮತ್ತೆ ತೆಗೆದುಹಾಕಿತು. ಕಾರ್ಖಾನೆಯಲ್ಲಿ ನುರಿತವನು ಸಹಜವಾಗಿ ಮಾಡಿಕೊಳ್ಳುವ ಸುಧಾರಣೆ ಆವಿಷ್ಕಾರವಲ್ಲ ಎಂಬುದು ಅದರ ತಾತ್ಪರ್ಯ. ಒಂದೇ ಸಾಧನ, ಮೂರು ತೀರ್ಪು!

ಇದರಲ್ಲಿ ಆಶ್ಚರ್ಯಪಡಬೇಕಾದುದಿಲ್ಲ. ತರಗತಿಯಲ್ಲಿ ನಾನು ಒಗಟು ಹೇಳಿದಾಗ ಎಲ್ಲರೂ ಮೌನ. ಉತ್ತರ ಹೇಳಿದೊಡನೆ ಹಿಂದಿನ ಬೆಂಚಿನಿಂದ, "ಇಷ್ಟೇನಾ ಸಾರ್!" ಬಿಡಿಸಿದ ಒಗಟು ಎಲ್ಲರಿಗೂ ಸುಲಭ. ಮೇಲ್ಮನವಿ ಕೇಳುವವರ ಮುಂದೆ ಉತ್ತರ ಮೊದಲೇ ತೆರೆದುಕೊಂಡಿರುತ್ತದೆ. ಆದುದರಿಂದ ಅವರು ಅದನ್ನು ಬದಿಗಿಟ್ಟು, ಅರ್ಜಿ ಸಲ್ಲಿಸಿದ ದಿನಕ್ಕೆ ಹಿಂದಿರುಗಬೇಕು. ಅಂದು ಏನು ತಿಳಿದಿತ್ತು, ತಿಳಿದುದಕ್ಕೂ ಹೊಸದಕ್ಕೂ ಅಂತರವೆಷ್ಟು, ಸಾಮಾನ್ಯ ಕುಶಲನು ಯಾವ ಕಾರಣದಿಂದ ಆ ಅಂತರವನ್ನು ದಾಟುತ್ತಿದ್ದನು ಎಂಬುದನ್ನು ಕಾರಣಸಹಿತ ತೋರಿಸಬೇಕು. ಭಾರತದಲ್ಲಿ ಇದಕ್ಕೆಂದಿದ್ದ ಮೇಲ್ಮನವಿ ಮಂಡಲಿ 2021ರಲ್ಲಿ ರದ್ದಾದ ತರುವಾಯ ಈ ಹೊರೆ ಉಚ್ಚ ನ್ಯಾಯಾಲಯಗಳದು.

ತಕ್ಕಡಿ ಒಂದು ಕಡೆ ವಾಲಿದರೆ ತಾಯಿಯ ಮದ್ದು ಪರರ ಸೊತ್ತಾದೀತು. ಇನ್ನೊಂದು ಕಡೆ ವಾಲಿದರೆ ಬಡ ಕುಶಲಕರ್ಮಿಯೊಬ್ಬನು ನಿದ್ದೆಗೆಟ್ಟು ಕಂಡುಕೊಂಡುದು "ಇಷ್ಟೇ" ಎಂಬ ಒಂದು ಮಾತಿಗೆ ಮಣ್ಣುಪಾಲಾದೀತು. ವಿದ್ಯಾರ್ಥಿಯ ಹೊಸ ವ್ಯಾಖ್ಯಾನವನ್ನು ಓದಿ "ಇದು ಗೊತ್ತಿದ್ದುದೇ" ಎಂದು ಅಂಕ ಕಡಿದ ದಿನಗಳು ನನಗೂ ಇವೆ. ಆಮೇಲೆ ಕೇಳಿಕೊಂಡೆ: ಅವನು ಹೇಳುವ ಮುನ್ನ ನನಗೆ ಅದು ಹೊಳೆದಿತ್ತೆ?