ಸಣ್ಣ ಈರುಳ್ಳಿ, ಅರಿಶಿನ ಮತ್ತು ಕರುಳಿನ ಪಾಲಿಪ್

ದೊಡ್ಡ ಕರುಳಿನ ಒಳಪದರದಲ್ಲಿ ಬೆಳೆಯುವ ಸಣ್ಣ ಗಂಟೇ ಪಾಲಿಪ್. ಹೆಚ್ಚಿನವುಗಳಿಂದ ತೊಂದರೆಯಿಲ್ಲ, ಅಡಿನೋಮಾ ಎಂಬ ಬಗೆಯ ಕೆಲವು ಮಾತ್ರ ವರ್ಷಗಳ ನಂತರ ಕ್ಯಾನ್ಸರಿಗೆ ತಿರುಗುತ್ತವೆ.

ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳಲ್ಲಿ ಬೆಳೆಯುವ ಸಾಂಬಾರ್ ಈರುಳ್ಳಿಯಲ್ಲಿ ಕ್ವೆರ್ಸಿಟಿನ್ ಎಂಬ ಅಂಶವಿದೆ. ನೆರೆಯ ಈರೋಡಿನ ಹೆಸರಾಂತ ಅರಿಶಿನಕ್ಕೆ ಹಳದಿ ಬಣ್ಣ ಕೊಡುವುದು ಕರ್ಕ್ಯುಮಿನ್. ಪ್ರಯೋಗಾಲಯದಲ್ಲಿ ಎರಡೂ ಉರಿಯೂತ ತಗ್ಗಿಸುತ್ತವೆ.

ಎಫ್‌ಎಪಿ ಎಂಬ ಆನುವಂಶಿಕ ಕಾಯಿಲೆಯಲ್ಲಿ ನೂರಾರು ಪಾಲಿಪ್ ಮೂಡುತ್ತವೆ. 2006ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಸಂಶೋಧಕರು ಇಂಥ 5 ರೋಗಿಗಳಿಗೆ ಕ್ವೆರ್ಸಿಟಿನ್, ಕರ್ಕ್ಯುಮಿನ್ ಎರಡನ್ನೂ ಒಟ್ಟಿಗೆ ಕೊಟ್ಟ ಫಲಿತಾಂಶ ಪ್ರಕಟವಾಯಿತು. ಸುಮಾರು 6 ತಿಂಗಳಲ್ಲಿ ಪಾಲಿಪ್‌ಗಳ ಸಂಖ್ಯೆ ಸರಾಸರಿ ಶೇ. 60ರಷ್ಟು ಇಳಿದಿತ್ತು. ಆದರೆ ಹೋಲಿಸಿ ನೋಡಲು ಇನ್ನೊಂದು ಗುಂಪಿರಲಿಲ್ಲ. 2018ರಲ್ಲಿ ಪ್ರಕಟವಾದ, 44 ರೋಗಿಗಳ ಅಧ್ಯಯನದಲ್ಲಿ ದಿನಕ್ಕೆ 3 ಗ್ರಾಂ ಕರ್ಕ್ಯುಮಿನ್ ಸೇವಿಸಿದವರಿಗೂ ಹುಸಿಮಾತ್ರೆ ಸೇವಿಸಿದವರಿಗೂ ವ್ಯತ್ಯಾಸ ಕಾಣಲಿಲ್ಲ.

ಸಾರಿಗೆ ಹಾಕುವ ಚಿಟಿಕೆ ಅರಿಶಿನದಲ್ಲಿ ಕರ್ಕ್ಯುಮಿನ್ ಇನ್ನೂ ಕಡಿಮೆ. ಅದು ರಕ್ತಕ್ಕೆ ಸೇರುವುದಂತೂ ಅತ್ಯಲ್ಪ.

ರಾಗಿ, ಜೋಳ, ಕಾಳು, ಸೊಪ್ಪಿನಲ್ಲಿರುವ ನಾರು ಕರುಳಿನ ಕ್ಯಾನ್ಸರಿನ ಅಪಾಯ ತಗ್ಗಿಸುತ್ತದೆ ಎಂಬುದಕ್ಕೆ ಆಧಾರ ಹೆಚ್ಚು ಗಟ್ಟಿ. ಇರುವ ಪಾಲಿಪ್ ಪತ್ತೆಹಚ್ಚಿ ತೆಗೆಯುವುದು ಕೊಲೊನೊಸ್ಕೋಪಿಯ ಕೆಲಸ. ಮಲದಲ್ಲಿ ರಕ್ತ ಕಂಡವರು, ಮನೆತನದಲ್ಲಿ ಪಾಲಿಪ್ ಅಥವಾ ಕರುಳಿನ ಕ್ಯಾನ್ಸರ್ ಇರುವವರು ವೈದ್ಯರನ್ನು ಕಾಣಬೇಕು.